ಮೂವತ್ತನಾಲ್ಕು ವರ್ಷ ಚೆಲ್ಲದ ಕಾಫಿ

ಕರಾಂಗ್‌ಸೊನೊದ ವೆದೋನೊ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲಿನಿಂದ ದಣಿಯ ಕುರ್ಚಿಗೆ ನಲವತ್ತೊಂದು ಹೆಜ್ಜೆ. ಅದು ಕುಕ್ಕುರುಗಾಲಿನ ಹೆಜ್ಜೆ. ನಿಂತು ನಡೆದರೆ ಎಷ್ಟಾಗುತ್ತದೋ ಪೋನಿರಾನ್‌ಗೆ ಬಹಳ ಕಾಲ ಗೊತ್ತಿರಲಿಲ್ಲ. ಆ ಹಜಾರದಲ್ಲಿ ಅವನು ನಿಂತು ನಡೆದವನೇ ಅಲ್ಲ.

ವೆದೋನೊ ಎಂದರೆ ಡಚ್ಚರ ಕೈಕೆಳಗೆ ಆ ಸೀಮೆಯ ಅಮಲ್ದಾರ. ಜಾವಾದಲ್ಲಿ ಅಂಥವರ ಮನೆಯ ಆಳುಗಳು ದಣಿಯ ಮುಂದೆ ಬರುವಾಗ ಕುಕ್ಕುರುಗಾಲಿನಲ್ಲಿ ಕೂತು, ಹಿಮ್ಮಡಿ ಎತ್ತಿ, ಬೆನ್ನು ನೆಟ್ಟಗಿಟ್ಟು, ಬಾತುಕೋಳಿಯ ಹಾಗೆ ಒಂದೊಂದೇ ಕಾಲು ಮುಂದೆ ಹಾಕುತ್ತ ಬರಬೇಕು. ತಟ್ಟೆ ಎದೆಯ ಮಟ್ಟಕ್ಕಿರಬೇಕು. ಕುರ್ಚಿಯ ಬಳಿ ತಟ್ಟೆ ಇಳಿಸಿ, ಎರಡು ಕೈ ಜೋಡಿಸಿ ಹಣೆಗೆ ಮುಟ್ಟಿಸಿ, ಆಮೇಲೆ ಬಟ್ಟಲು ಕೊಡಬೇಕು. ವಾಪಸು ಹೋಗುವಾಗಲೂ ಅದೇ ನಡಿಗೆ, ಆದರೆ ಹಿಮ್ಮುಖವಾಗಿ. ದಣಿಗೆ ಬೆನ್ನು ತೋರಿಸುವಂತಿಲ್ಲ.

ಪೋನಿರಾನ್ ಇದನ್ನು ಕಲಿತದ್ದು ಒಂಬತ್ತನೇ ವಯಸ್ಸಿನಲ್ಲಿ. ಕಲಿಸಿದವನು ಆ ಮನೆಯ ಹಿರಿಯ ಆಳು ಕರ್ತೊ ಅಜ್ಜ. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ ತಟ್ಟೆಯ ಮೇಲಿಡುತ್ತಿದ್ದ. ಒಂದು ಹನಿ ಚೆಲ್ಲಿದರೆ ಮೀನಖಂಡಕ್ಕೆ ಬೆತ್ತದ ಒಂದು ಏಟು. ಆರು ತಿಂಗಳಲ್ಲಿ ಏಟು ನಿಂತವು. ಅಲ್ಲಿಂದ ಮೂವತ್ತನಾಲ್ಕು ವರ್ಷ ಆ ಹಜಾರದಲ್ಲಿ ಒಂದು ಹನಿ ಕಾಫಿ ನೆಲಕ್ಕೆ ಬೀಳಲಿಲ್ಲ. ಡಚ್ಚ್ ಇನ್‌ಸ್ಪೆಕ್ಟರುಗಳು ಕುಡಿದರು, ಸಕ್ಕರೆ ಕಾರ್ಖಾನೆಯ ಸಾಹೇಬರು ಕುಡಿದರು, ಆಮೇಲೆ ಜಪಾನಿ ಅಧಿಕಾರಿಗಳು ಕುಡಿದರು. ಅತಿಥಿಗಳು ಬದಲಾದರು, ನಡಿಗೆ ಬದಲಾಗಲಿಲ್ಲ.

ಮಾತೂ ಹಾಗೇ. ಉಣ್ಣುವುದಕ್ಕೆ, ಮಲಗುವುದಕ್ಕೆ, ಮನೆಗೆ, ಸಾವಿಗೆ ಕೂಡ ಆ ನಾಡಿನಲ್ಲಿ ಮೇಲಿನವರಿಗೆ ಒಂದು ಪದ, ಕೆಳಗಿನವರಿಗೆ ಇನ್ನೊಂದು. ದಣಿ ಪೋನಿರಾನ್‌ನನ್ನು ಏಕವಚನದಲ್ಲಿ ಕರೆಯುತ್ತಿದ್ದರು. ಅವರ ಮಗ ಸುತಿಕ್ನೊ ಮಾತು ಕಲಿತ ದಿನದಿಂದ ಹಾಗೇ ಕರೆದ. ಅವನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ್ದ ಪೋನಿರಾನ್ ಮಾತ್ರ ಆ ಕೂಸಿಗೂ ಬಹುವಚನದಲ್ಲೇ ಉತ್ತರ ಕೊಡುತ್ತಿದ್ದ, ‘ದೆನ್’ ಅನ್ನುತ್ತಿದ್ದ. ಚಿಕ್ಕ ದಣಿ ಎಂದು ಅರ್ಥ.

೧೯೪೫ರ ಆಗಸ್ಟಿನಲ್ಲಿ ಸ್ವಾತಂತ್ರ್ಯ ಘೋಷಣೆಯ ಸುದ್ದಿ ರೈಲ್ವೆಯ ತಂತಿಯವರ ಮೂಲಕ ಊರಿಗೆ ಬಂತು. ಮೂರನೆಯ ದಿನ ಹಜಾರದಲ್ಲಿ ವೆದೋನೊ, ಇಬ್ಬರು ಗುಮಾಸ್ತರು ಮತ್ತು ಒಬ್ಬ ಡಾಕ್ಟರು ಕೂತು ಆ ಸುದ್ದಿ ಎಷ್ಟು ನಿಜ ಎಂದು ಚರ್ಚಿಸುತ್ತಿದ್ದರು. ಪೋನಿರಾನ್ ಕಾಫಿ ತರುತ್ತಿದ್ದ.

“ಇನ್ಮೇಲೆ ಯಾರೂ ಯಾರಿಗೂ ಆಳಲ್ಲವಂತೆ,” ಎಂದರು ಡಾಕ್ಟರು. “ಕಾಗದದ ಮೇಲೆ.”

ನಾಲ್ವರೂ ನಕ್ಕರು. ಪೋನಿರಾನ್ ಆಗ ಇಪ್ಪತ್ತಾರನೇ ಹೆಜ್ಜೆಯಲ್ಲಿದ್ದ. ಅವನು ಎದ್ದು ನಿಂತ. ಮೊಣಕಾಲು ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು. ತಟ್ಟೆಯನ್ನು ನೆಲಕ್ಕಿಡಬೇಕೆಂದರೆ ಮತ್ತೆ ಬಗ್ಗಬೇಕಿತ್ತು, ಹಾಗಾಗಿ ಅದನ್ನು ಪಕ್ಕದಲ್ಲೇ ಕೂತಿದ್ದ ಡಾಕ್ಟರ ಕೈಗೇ ಕೊಟ್ಟ. “ಹಿಡ್ಕೊಳ್ಳಿ,” ಎಂದ. ಬೆನ್ನು ತಿರುಗಿಸಿ ಹೊರಟುಹೋದ. ಇಪ್ಪತ್ತಾರು ಹೆಜ್ಜೆಯ ದಾರಿ ಹನ್ನೊಂದೇ ಹೆಜ್ಜೆಗೆ ಮುಗಿದುಹೋಯಿತು. ಅವನಿಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಅದಕ್ಕೆ.

ಮನೆಗೆ ಬಂದು ಹೆಂಡತಿ ಸಮೀನಾಗೆ ಹೇಳಿದ, “ಇನ್ನು ಈ ಮೊಣಕಾಲು ಯಾರ ಮುಂದೆಯೂ ಮಡಚಲ್ಲ. ನಮಾಜು ಒಂದನ್ನ ಬಿಟ್ಟು.”

ಸಮೀನಾ ಮರಗೆಣಸು ಸುಲಿಯುತ್ತಿದ್ದಳು. “ಅಲ್ಲ, ಲಸಿನೆಂ ಅಪ್ಪ, ಬೆಳಿಗ್ಗೆ ಹೊಳೆ ಕಡೆ ಹೋಗ್ತೀರಲ್ಲ, ಅಲ್ಲೂ ನಿಂತ್ಕೊಂಡೇನಾ?”

“ಅಲ್ಲಿ ಮುಂದೆ ಯಾರೂ ಕೂತಿರಲ್ಲ.”

“ಮೀನು ಇರ್ತಾವೆ.”

ಮಾತು ಒಂದು ವಾರದಲ್ಲಿ ಇಡೀ ಊರಿಗೆ ಹಬ್ಬಿತು. ಹೊಳೆಯ ಮೀನಿನ ಭಾಗವೂ ಸೇರಿ.

ಅಕ್ಟೋಬರಿನಲ್ಲಿ ಸೆಮರಾಂಗ್ ಬಂದರಿಗೆ ಇಂಗ್ಲಿಷರ ಹಡಗುಗಳು ಬಂದವು. ಜಪಾನಿಯರನ್ನು ಕರೆದೊಯ್ಯಲು, ಶಿಬಿರಗಳಲ್ಲಿದ್ದ ಡಚ್ಚರನ್ನು ಬಿಡಿಸಲು ಬಂದಿದ್ದೇವೆ ಎಂದರು. ಅವರ ಸೈನ್ಯದಲ್ಲಿ ಹೆಚ್ಚಿನವರು ಹಿಂದೂಸ್ತಾನದ ಕಡೆಯ ಸಿಪಾಯಿಗಳು. ಅವರ ಬೆನ್ನಿಗೆ ಹಳೆಯ ಡಚ್ಚ್ ಅಧಿಕಾರಿಗಳೂ ಬಂದರು, ತಮ್ಮ ಹಳೆಯ ಕುರ್ಚಿಗಳನ್ನು ಹುಡುಕಿಕೊಂಡು. ನವೆಂಬರ್ ಹೊತ್ತಿಗೆ ಮಾಗೆಲಾಂಗ್‌ನಲ್ಲಿ ಗುಂಡು ಹಾರಿತು. ಆ ಸೈನ್ಯ ಹಿಂದೆ ಸರಿದು ಅಂಬಾರಾವಾದ ಕೋಟೆಯಲ್ಲಿ ಬೀಡುಬಿಟ್ಟಿತು. ಸುತ್ತಲಿನ ಹಳ್ಳಿಗಳ ಜನ ಬಿದಿರಿನ ಈಟಿ, ಜಪಾನಿಯರಿಂದ ಕಿತ್ತುಕೊಂಡ ಕೋವಿ ಹಿಡಿದು ಆ ಊರನ್ನು ಮುತ್ತಿದರು.

ಕರಾಂಗ್‌ಸೊನೊದ ನಲವತ್ತು ಜನರ ಪಡೆಗೆ ಸುತಿಕ್ನೊ ನಾಯಕ. ಇಪ್ಪತ್ತೆರಡು ವರ್ಷ, ಜಪಾನಿಯರ ಕಾಲದಲ್ಲಿ ಕವಾಯತು ಕಲಿತವನು, ಉದ್ದ ಆಳು. ಅಪ್ಪ ಬೇಡವೆಂದರೂ ಮನೆ ಬಿಟ್ಟು ಬಂದಿದ್ದ. ಪೋನಿರಾನ್ ಅದೇ ಪಡೆಗೆ ಊಟ ಹೊರುತ್ತಿದ್ದ. ತೇಗದ ಎಲೆಯಲ್ಲಿ ಕಟ್ಟಿದ ಅನ್ನ, ಹುದುಗಿಸಿದ ಸೋಯಾ ಕಾಳಿನ ಒಂದು ತುಂಡು ತೆಂಪೆ, ಮೆಣಸಿನಕಾಯಿ ಕಾರ. ಅವನ ಮಗಳು ಲಸಿನೆಂ, ಹತ್ತೊಂಬತ್ತರವಳು, ಗಾಯಾಳುಗಳಿಗೆ ಪಟ್ಟಿ ಕಟ್ಟುತ್ತಿದ್ದಳು. ಪಡೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ‘ಬುಂಗ್’ ಅನ್ನಬೇಕು, ಅಣ್ಣ ಅಂತ, ಮೇಲು ಕೀಳು ಇಲ್ಲ ಎಂದು ತೀರ್ಮಾನವಾಗಿತ್ತು. ಸುತಿಕ್ನೊ ಎಲ್ಲರಿಗೂ ಬುಂಗ್ ಎನ್ನುತ್ತಿದ್ದ. ಪೋನಿರಾನ್ ಎದುರಾದಾಗ ಮಾತ್ರ ನಾಲಿಗೆ ಹಳೆಯ ದಾರಿಯನ್ನೇ ಹಿಡಿಯುತ್ತಿತ್ತು: “ಲೇ ಪೋನಿರಾನ್, ಅನ್ನ ಬಂತೇನೋ?”

ಡಿಸೆಂಬರ್ ಎರಡನೇ ವಾರ ಒಂದು ಬೆಳಿಗ್ಗೆ ಪರಿಸ್ಥಿತಿ ಹೀಗಿತ್ತು. ಅಂಬಾರಾವಾದ ಅಂಚಿನ ಒಂದು ಕಾಲುವೆಯ ಆ ತುದಿಯಲ್ಲಿ ರೈಲ್ವೆಯವರ ಪಂಪ್‌ಹೌಸು. ಅದರ ಪಕ್ಕದಲ್ಲಿ ರಸ್ತೆಯ ಸೇತುವೆ. ಪಂಪ್‌ಹೌಸಿನೊಳಗೆ ಪಡೆಯ ಹದಿನೇಳು ಜನ, ಐದು ಕೋವಿ, ಆರು ಗಾಯಾಳುಗಳು ಮತ್ತು ಲಸಿನೆಂ. ಅವರ ಬೆನ್ನಿಗೆ ರಾವಾ ಪೆನಿಂಗ್ ಜೌಗು, ಓಡಲು ದಾರಿಯಿಲ್ಲ. ಕೋಟೆಯಲ್ಲಿ ಒಂದು ಕವಚದ ಗಾಡಿಯನ್ನು ಸಿದ್ಧ ಮಾಡುತ್ತಿದ್ದಾರೆ, ಮಧ್ಯಾಹ್ನದ ಮೇಲೆ ಸೇತುವೆಯ ಕಡೆ ಬರುತ್ತದೆ ಎಂದು ಸುದ್ದಿ ಬಂತು. ಕೋವಿಯ ಗುಂಡು ಅದಕ್ಕೆ ನಾಟುವುದಿಲ್ಲ, ಬಾಂಬು ಬೇಕು.

ಬಾಂಬುಗಳಿದ್ದವು, ಇತ್ತ ಕಡೆ. ರೈಲ್ವೆ ಕಾರ್ಯಾಗಾರದವರು ಕೊಳವೆ ತುಂಡುಗಳಲ್ಲಿ ಮಾಡಿದ್ದು. ಒಳಗೊಂದು ತೆಳ್ಳನೆಯ ಗಾಜಿನ ನಳಿಗೆ, ಅದು ಒಡೆದರೆ ಸಿಡಿಯುತ್ತದೆ. ಕುಲುಕಬಾರದು, ವಾಲಿಸಬಾರದು. ಕಾಲುವೆಯ ಅಂಚಿನಲ್ಲಿ ಒಂದು ಇಟ್ಟಿಗೆ ತಡೆಗೋಡೆ, ಅದರ ಹಿಂದೆ ಪಂಪ್‌ಹೌಸಿಗೆ ಹೋಗುವ ಒಂದೂವರೆ ಅಡಿ ಅಗಲದ ದಾರಿ. ಗೋಡೆ ಮೂರಡಿಯೂ ಇರಲಿಲ್ಲ. ಎದುರಿನ ಕಾಫಿ ಗೋದಾಮಿನ ಮಾಡಿನ ಮೇಲೆ ಮಷೀನ್‌ಗನ್ನು ಕೂತಿತ್ತು. ಬೆಳಿಗ್ಗೆ ಇಬ್ಬರು ಬುಟ್ಟಿಯನ್ನು ಎಳೆದುಕೊಂಡು ತೆವಳಿ ಹೋಗಿದ್ದರು. ಇಪ್ಪತ್ತು ಗಜ ಹೋಗುವಷ್ಟರಲ್ಲಿ ಬುಟ್ಟಿ ವಾಲಿ ಒಂದು ಬಾಂಬು ಸಿಡಿಯಿತು. ಒಬ್ಬ ಅಲ್ಲೇ ಸತ್ತ, ಇನ್ನೊಬ್ಬನನ್ನು ಕಾಲು ಹಿಡಿದು ಎಳೆದು ತಂದರು.

“ನಿಂತು ಹೋದ್ರೆ ತಲೆ ಹೋಗುತ್ತೆ, ತೆವಳಿ ಹೋದ್ರೆ ಬಾಂಬು ಹೋಗುತ್ತೆ,” ಎಂದ ಗಿಮಾನ್. ಅವನು ಇಂಜಿನ್ನಿಗೆ ಕಲ್ಲಿದ್ದಲು ಎಸೆಯುತ್ತಿದ್ದವನು, ಬೋಳುತಲೆ, ಬಾಯಿ ಸುಮ್ಮನಿರದು. “ಈ ಸ್ವಾತಂತ್ರ್ಯಕ್ಕೆ ಮೂರಡಿ ಎತ್ತರದ ಮನುಷ್ಯರನ್ನ ಹೆರಬೇಕಿತ್ತು ನಮ್ಮ ಅವ್ವಂದಿರು.”

ಸುತಿಕ್ನೊ ಪೋನಿರಾನ್ ಕಡೆ ತಿರುಗಿದ.

“ಪೋನಿರಾನ್... ಆ ನಡಿಗೆ ಇತ್ತಲ್ಲ.”

“ಯಾವ ನಡಿಗೆ, ದೆನ್?”

“ಅದೇ. ಮನೇಲಿ.”

“ಮನೇಲಿ ನಾನು ಹಲವು ಥರ ನಡೀತಿದ್ದೆ. ಹೆಸರು ಹೇಳಿ.”

ಸುತಿಕ್ನೊ ಮುಖ ಕೆಂಪಾಯಿತು. “ಕುಕ್ಕುರುಗಾಲಿನ ನಡಿಗೆ.”

“ಅದನ್ನ ಬಿಟ್ಟೆ. ಹೊಳೆ ಮೀನುಗಳಿಗೂ ಗೊತ್ತು.”

“ಪಾಕ್,” ಎಂದ ಗಿಮಾನ್. ಹಿರಿಯರನ್ನು ಅಪ್ಪ ಎಂದು ಕರೆಯುವ ರೀತಿ ಅದು. “ಮಗಳು ಅಲ್ಲಿದಾಳೆ.”

“ನೆನಪು ಮಾಡ್ಬೇಡ. ಅವಳಿಗೆ ಬುತ್ತಿ ಕಟ್ಟಿದ್ದು ನಾನೇ.”

ಪೋನಿರಾನ್ ಹೊಟ್ಟೆಯ ಮೇಲೆ ತೆವಳಿಕೊಂಡು ತಡೆಗೋಡೆಯ ಹತ್ತಿರ ಹೋದ. ಗೇಣು ಹಾಕಿ ಎತ್ತರ ಅಳೆದ. ಅಲ್ಲೇ ಸ್ವಲ್ಪ ಹೊತ್ತು ಕೆನ್ನೆಯನ್ನು ಇಟ್ಟಿಗೆಗೆ ಒತ್ತಿ ಮಲಗಿದ್ದ. ನಾಲ್ಕು ತಿಂಗಳಿಂದ ಅವನು ಒಂದು ನಿಯಮ ಇಟ್ಟುಕೊಂಡಿದ್ದ. ಅವನ ಜೀವನದಲ್ಲಿ ಅವನೇ ಮಾಡಿಕೊಂಡ ನಿಯಮ ಅದೊಂದೇ. ಉಳಿದವೆಲ್ಲ ಬೇರೆಯವರು ಮಾಡಿದ್ದು. ಅದನ್ನು ಕಾಪಾಡಿಕೊಂಡರೆ ಮಗಳು ಉಳಿಯುವುದಿಲ್ಲ. ಮುರಿದರೆ ಮತ್ತೆ ಆ ಹಜಾರದ ಆಳಾಗುತ್ತೇನೋ ಎಂಬ ಭಯ. ಗೋಡೆಯ ಉದ್ದಕ್ಕೂ ನೋಡಿದ. ಕಾಲುವೆಯ ದಾರಿಯ ಕೊನೆಯಲ್ಲಿ ಪಂಪ್‌ಹೌಸಿನ ಬಾಗಿಲಿತ್ತು. ಕುರ್ಚಿ ಇರಲಿಲ್ಲ.

ತೆವಳಿಕೊಂಡು ವಾಪಸು ಬಂದು ಮಣ್ಣು ಕೊಡವಿಕೊಂಡ.

“ಗೋಡೆ ನನ್ನ ತಲೆಗಿಂತ ಎರಡು ಬೆರಳು ಎತ್ತರ ಇದೆ. ಕೂತ್ರೆ. ತಟ್ಟೆಗೆ ಏಳು ಬಾಂಬು ಇಡಬಹುದು. ಇಪ್ಪತ್ತೊಂದಕ್ಕೆ ಮೂರು ತಟ್ಟೆ, ಮೂರು ಜನ. ಒಬ್ಬ ನಾನು, ಒಬ್ಬ ಗಿಮಾನ್. ಇನ್ನೊಬ್ಬರು ನೀವು, ದೆನ್.”

“ನಾನಾ? ನಾನು ಪಡೆ ನಡೆಸೋನು.”

“ನಡೆಸೋಕೂ ಮೊಣಕಾಲು ಬೇಕು. ನೀವು ಬರದಿದ್ರೆ ನಾನೂ ಹೋಗಲ್ಲ. ಮಗಳಾಣೆ.”

ಮಗಳ ಜೀವ ತಕ್ಕಡಿಯಲ್ಲಿಟ್ಟು ಮಗಳ ಮೇಲೇ ಆಣೆ ಇಡುವವನ ಮುಂದೆ ಸುತಿಕ್ನೊ ಹೂಂ ಎನ್ನಲೇಬೇಕಾಯಿತು.

ತಟ್ಟೆಗಳನ್ನು ವೆದೋನೊ ಮನೆಯಿಂದಲೇ ತರಿಸಿದರು. ಅಂಚು ಕೆತ್ತಿದ ತೇಗದ ತಟ್ಟೆಗಳು, ಪೋನಿರಾನ್ ಕೈ ಬೆವರಿಗೆ ಕಪ್ಪಾಗಿದ್ದವು. ತರಲು ಹೋದವನನ್ನು ವೆದೋನೊ ಕೇಳಿದರಂತೆ, “ಕಾಫಿ ಯಾರಿಗೆ?” ಅವನು ಹೇಳಿದನಂತೆ, “ಗಾಡೀಲಿ ಬರೋರಿಗೆ.”

ಗೋದಾಮಿಗೆ ಕಾಣದ ಬಾಳೆತೋಟದಲ್ಲಿ ಪಾಠ ನಡೆಯಿತು. ತಟ್ಟೆಯ ಮೇಲೆ ಚಿಪ್ಪಿನಲ್ಲಿ ನೀರು. ಗಿಮಾನ್ ಕುಳ್ಳ, ಬೇಗ ಹಿಡಿದುಕೊಂಡ. ಸುತಿಕ್ನೊ ಆರು ಹೆಜ್ಜೆಗೆ ಪಕ್ಕಕ್ಕೆ ಉರುಳಿದ.

“ಹಿಮ್ಮಡಿ ಎತ್ತಿ, ದೆನ್. ಕಣ್ಣು ತಟ್ಟೆ ಮೇಲಲ್ಲ, ಎರಡು ಮೊಳ ಮುಂದೆ. ತಟ್ಟೇನ ನೋಡಿದ್ರೆ ತಟ್ಟೆ ಅಲುಗುತ್ತೆ.”

ಮತ್ತೆ ಉರುಳಿದ. ಮೂರನೇ ಸಲ ನೀರು ಚೆಲ್ಲಿದಾಗ ಪೋನಿರಾನ್ ಪಕ್ಕದಲ್ಲಿ ಬಿದ್ದಿದ್ದ ಬಿದಿರು ಕಡ್ಡಿ ತೆಗೆದು ಅವನ ಮೀನಖಂಡಕ್ಕೆ ಒಂದು ಬಿಟ್ಟ. ಅಲ್ಲಿದ್ದವರಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಕಾಣುತ್ತೇವೆಂದುಕೊಂಡೂ ಇರಲಿಲ್ಲ.

“ಇಷ್ಟು ನೋಡಿದ್ನಲ್ಲ,” ಎಂದ ಗಿಮಾನ್, “ಇನ್ನು ಸತ್ರೂ ಚಿಂತೆಯಿಲ್ಲ.”

ಸುತಿಕ್ನೊ ಕಾಲು ಉಜ್ಜಿಕೊಂಡು ಚಿಪ್ಪಿಗೆ ತಾನೇ ನೀರು ತುಂಬಿದ. ಆಮೇಲೆ ಚೆಲ್ಲಲಿಲ್ಲ.

ಹನ್ನೆರಡಕ್ಕೆ ಹೊರಟರು. ಮುಂದೆ ಪೋನಿರಾನ್, ನಡುವೆ ಸುತಿಕ್ನೊ, ಹಿಂದೆ ಗಿಮಾನ್. ಬಾಂಬುಗಳ ಕೆಳಗೆ ಬಾಳೆಎಲೆ ಹಾಸಿತ್ತು. ದಾರಿ ಪಾಚಿಗಟ್ಟಿತ್ತು, ಕೆಲವು ಕಡೆ ಇಟ್ಟಿಗೆ ಕಿತ್ತುಹೋಗಿತ್ತು. ಬೆಳಿಗ್ಗೆ ಸತ್ತವನನ್ನು ಇನ್ನೂ ತೆಗೆದಿರಲಿಲ್ಲ. ಅವನ ಕಾಲನ್ನು ದಾಟಿ ಹೋಗಬೇಕಾಯಿತು. ತಲೆಯ ಮೇಲೆ ಆಗಾಗ ಗುಂಡು ಸುಯ್ಯೆನ್ನುತ್ತಿತ್ತು, ಗುರಿಯಿಟ್ಟದ್ದಲ್ಲ, ಬೇಸರಕ್ಕೆ ಹೊಡೆದ ಹಾಗೆ.

ಮೂವತ್ತನೇ ಹೆಜ್ಜೆಯ ಸುಮಾರಿಗೆ ಪೋನಿರಾನ್‌ಗೆ ಹಿಂದೆ ಬಟ್ಟೆ ಗೋಡೆಗೆ ಸವರಿದ ಶಬ್ದ ಕೇಳಿಸಿತು. ತಿರುಗಿ ನೋಡುವ ಹಾಗಿಲ್ಲ. ಉದ್ದನೆಯ ಸುತಿಕ್ನೊ ಬೆನ್ನು ನೋವಿಗೆ ಮೇಲೇಳುತ್ತಿದ್ದಾನೆ ಎಂದು ತಿಳಿಯಿತು.

“ತಲೆ ತಗ್ಗಿಸೋ!”

ಏಕವಚನ. ಬಾಯಿಂದ ಹೊರಟ ಮೇಲೆ ಅವನಿಗೇ ಕೇಳಿಸಿತು. ಅದೂ ತಾಯಂದಿರು ಕೂಸುಗಳಿಗೆ ಬೈಯುವ ಕೆಳಗಿನ ಮಾತಿನಲ್ಲಿ. ಹಿಂದೆ ಬಟ್ಟೆ ಸವರುವ ಶಬ್ದ ನಿಂತಿತು.

“ತಗ್ಗಿಸಿದೀನಿ, ಪಾಕ್,” ಎಂದ ಸುತಿಕ್ನೊ.

ಆಮೇಲೆ ಆದದ್ದನ್ನು ಪೋನಿರಾನ್ ಬಹಳ ವರ್ಷ ಯಾರಿಗೂ ಹೇಳಲಿಲ್ಲ. ಗಿಮಾನ್ ಎಲ್ಲರಿಗೂ ಹೇಳಿದ. ನಲವತ್ತೊಂದನೇ ಹೆಜ್ಜೆಗೆ ಪೋನಿರಾನ್ ಕೂತ ಹಾಗೇ ನಿಂತುಬಿಟ್ಟ. ಅವನು ನಿಲ್ಲಲಿಲ್ಲ, ಮೈ ನಿಂತಿತು. ಮೂವತ್ತನಾಲ್ಕು ವರ್ಷ ನಲವತ್ತೊಂದಕ್ಕೆ ನಿಂತ ಮೈ. ತಟ್ಟೆ ಮೆತ್ತಗೆ ನೆಲಕ್ಕಿಳಿಯಿತು. ಎರಡು ಕೈಗಳು ಜೋಡಿಸಿಕೊಂಡು ಹಣೆಗೆ ಏರಿದವು. ಬೆರಳ ತುದಿಗಳು ತಲೆಗಿಂತ ಮೇಲೆ, ಗೋಡೆಗಿಂತ ಮೇಲೆ.

“ಯಾಕೆ ನಿಂತ್ರಿ ಪಾಕ್, ದಣಿ ಬಂದ್ರಾ?” ಎಂದು ಗಿಮಾನ್ ಹಿಂದಿನಿಂದ ಕೇಳುವುದಕ್ಕೂ ಗೋಡೆಯ ತಲೆ ಸಿಡಿಯುವುದಕ್ಕೂ ಸರಿಹೋಯಿತು.

ಇಟ್ಟಿಗೆ ಪುಡಿ ಕಣ್ಣಿಗೆ ಬಿತ್ತು. ಕೈ ಇಳಿಸಿ ನೋಡಿದ. ಬಲಗೈಯ ನಡುಬೆರಳು ಎರಡನೇ ಗೆಣ್ಣಿನ ಮೇಲೆ ಇರಲಿಲ್ಲ. ನೋವು ಇನ್ನೂ ಬಂದಿರಲಿಲ್ಲ. ನಾಚಿಕೆ ಬಂತು, ಅದರ ಬೆನ್ನಿಗೇ ಸಿಟ್ಟು, ಕಿವಿ ಸುಡುವಂಥ ಸಿಟ್ಟು. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೆರಳಿಗೆ ಬಿಗಿದು ಹಲ್ಲಿನಲ್ಲಿ ಗಂಟು ಹಾಕಿದ.

“ನಾನು ಮುಂದೆ ಹೋಗ್ಲಾ?” ಸುತಿಕ್ನೊ ಪಿಸುಗುಟ್ಟಿದ.

“ಇಲ್ಲಿ ದಾಟೋಕೆ ಜಾಗ ಎಲ್ಲಿದೆ?” ಪೋನಿರಾನ್ ತಟ್ಟೆ ಎತ್ತಿಕೊಂಡ. “ಆ ನಲವತ್ತೊಂದು ಅವರ ಲೆಕ್ಕ. ಮುಗೀತು. ಇದು ನಲವತ್ತೆರಡು.”

ಪಂಪ್‌ಹೌಸಿನವರೆಗೆ ನೂರ ಎಂಬತ್ತೆಂಟಾಯಿತು. ಬಾಗಿಲಲ್ಲಿ ಲಸಿನೆಂ ತಟ್ಟೆಯನ್ನು ಇಸಿದುಕೊಂಡಳು. ಬಾಳೆಎಲೆಯ ಮೇಲೆ ರಕ್ತ ಹರಿದು ಅಂಚಿನ ಕೆತ್ತನೆಯಲ್ಲಿ ನಿಂತಿತ್ತು. ಬಾಂಬುಗಳು ಇಟ್ಟ ಹಾಗೇ ಇದ್ದವು.

“ಅಪ್ಪ, ಬೆರಳು.”

“ಆಮೇಲೆ. ಮೊದಲು ಅವನ ತಟ್ಟೆ ಇಸ್ಕೋ, ಅವನಿಗೆ ಹೊಸದು.”

ಎರಡು ಗಂಟೆಗೆ ಕವಚದ ಗಾಡಿ ಬಂತು. ಮೊದಲ ಎರಡು ಬಾಂಬು ಕಲ್ಲಿನ ಹಾಗೆ ಬಿದ್ದು ಉರುಳಿದವು. ಮೂರನೆಯದು ಮುಂದಿನ ಚಕ್ರದ ಕೆಳಗೆ ಸಿಡಿಯಿತು. ಗಾಡಿ ಸೇತುವೆಗೆ ಅಡ್ಡಲಾಗಿ ಕೂತಿತು. ಹಿಂದೆ ಬರುತ್ತಿದ್ದ ಸಿಪಾಯಿಗಳು ಒಂದು ಗಂಟೆ ಗುಂಡು ಹಾರಿಸಿ, ಗಾಡಿಯಲ್ಲಿದ್ದವರನ್ನು ಇಳಿಸಿಕೊಂಡು ಹಿಂದಿರುಗಿದರು. ಪಂಪ್‌ಹೌಸು ಬೀಳಲಿಲ್ಲ. ಹದಿನೈದನೇ ತಾರೀಕು ಆ ಸೈನ್ಯ ಅಂಬಾರಾವಾ ಬಿಟ್ಟು ಸೆಮರಾಂಗ್ ಕಡೆ ಹೊರಟುಹೋಯಿತು. ಅಪ್ಪ ಮಗಳು ಅದೇ ಕಾಲುವೆಯ ದಾರಿಯಲ್ಲಿ ನಿಂತು ನಡೆದುಕೊಂಡು ಮನೆಗೆ ಬಂದರು.

“ನಿಯಮ ಏನಾಯ್ತು?” ಎಂದಳು ಸಮೀನಾ.

“ಯಾರ ಮುಂದೆಯೂ ಮಡಚಲ್ಲ ಅಂದಿದ್ದೆ. ಮುಂದೆ ಯಾರಿದ್ರು? ಹಿಂದೆ ಇದ್ದ, ದಣಿ ಮಗ. ಅವನೂ ಕೂತೇ ಬಂದ.”

ಜನವರಿಯಲ್ಲಿ ಯೋಗ್ಯಕರ್ತದಿಂದ ಹೊಸ ಸರಕಾರದ ಅಧಿಕಾರಿಗಳು ಊರು ನೋಡಲು ಬರುವವರಿದ್ದರು. ಸ್ವಾಗತ ವೆದೋನೊ ಮನೆಯ ಹಜಾರದಲ್ಲಿ. ಮನೆಯ ಗುಮಾಸ್ತ ಪೋನಿರಾನ್ ಗುಡಿಸಲಿಗೆ ಬಂದ.

“ಕಾಫಿ ಕೊಡೋಕೆ ನೀನೇ ಬರ್ಬೇಕಂತೆ. ಇವತ್ತೊಂದು ದಿನ ಹಳೇ ಕ್ರಮದಲ್ಲಿ. ಬರೋರು ದೊಡ್ಡೋರು, ನಮ್ಮ ಪದ್ಧತಿ ನೋಡಿ ಸಂತೋಷಪಡ್ತಾರೆ.”

“ಬರ್ತೀನಿ,” ಎಂದ ಪೋನಿರಾನ್.

ಸಮೀನಾ ಅವನ ಮುಖ ನೋಡಿದಳು. ಒಗೆದ ಅಂಗಿ ತೆಗೆದುಕೊಟ್ಟಳು.

ಹಜಾರದಲ್ಲಿ ಒಂಬತ್ತು ಕುರ್ಚಿ. ನಡುವೆ ವೆದೋನೊ, ಪಕ್ಕದಲ್ಲಿ ಅತಿಥಿಗಳು, ಕೊನೆಯಲ್ಲಿ ಸುತಿಕ್ನೊ. ಅಡುಗೆಮನೆಯ ಹೊಸ್ತಿಲಲ್ಲಿ ಪೋನಿರಾನ್ ತಟ್ಟೆ ಎತ್ತಿಕೊಂಡ. ಅದೇ ತಟ್ಟೆ, ತೊಳೆದರೂ ಅಂಚಿನ ಕೆತ್ತನೆಯಲ್ಲಿ ಕಂದು ಕಲೆ ಹೋಗಿರಲಿಲ್ಲ. ಎಲ್ಲರೂ ಬಾಗಿಲಿನ ಕೆಳಭಾಗವನ್ನೇ ನೋಡುತ್ತಿದ್ದರು, ತಲೆ ಕಾಣಿಸಬೇಕಾದ ಎತ್ತರವನ್ನು. ಅಲ್ಲಿ ಎರಡು ಮೊಣಕಾಲು ಕಾಣಿಸಿದವು.

ಅವನು ನಿಂತು ನಡೆದ. ಕಷ್ಟವಾಯಿತು. ನಿಂತ ಮೈಗೆ ತುಂಬಿದ ತಟ್ಟೆಯ ತೂಕ ಎಲ್ಲಿ ಹೊರಬೇಕೆಂದು ಗೊತ್ತಿರಲಿಲ್ಲ, ಬಲಗೈಗೆ ಒಂದು ಬೆರಳು ಕಡಿಮೆ. ಬಟ್ಟಲುಗಳು ಗಲಗಲ ಅಂದವು. ಹತ್ತನೇ ಹೆಜ್ಜೆಗೆ ಕಾಫಿ ತಟ್ಟೆಗೆ ಚೆಲ್ಲಿತು, ಹದಿಮೂರಕ್ಕೆ ನೆಲಕ್ಕೆ. ಹದಿನೇಳಕ್ಕೆ ಕುರ್ಚಿಯ ಮುಂದೆ ಇದ್ದ. ಹಾಗಾದರೆ ಹದಿನೇಳು.

ವೆದೋನೊ ನೆಲದ ಮೇಲಿನ ಕಪ್ಪು ಹನಿಗಳನ್ನು ನೋಡಿದರು. ಮೆಲ್ಲಗೆ ಅಂದರು, “ಪೋನಿರಾನ್, ಚೆಲ್ಲಿಬಿಟ್ಟೆಯಲ್ಲೋ.”

“ಹೌದು,” ಎಂದ ಅವನು, ಅದೇ ಮೆಲುದನಿಯಲ್ಲಿ. “ನಿಂತು ನಡೆಯೋದು ಈಗ ಕಲೀತಿದೀನಿ.”

ಕೊನೆಯ ಕುರ್ಚಿಯಿಂದ ಸುತಿಕ್ನೊ ಎದ್ದ. ಅಡುಗೆಮನೆಗೆ ಹೋಗಿ ಒರೆಸುವ ಬಟ್ಟೆ ತಂದ. ಅವನು ನೆಲ ಒರೆಸಲು ಕುಕ್ಕುರುಗಾಲಿನಲ್ಲಿ ಕೂತಾಗ ಪೋನಿರಾನ್ ಬಟ್ಟಲುಗಳನ್ನು ಕೊಡುತ್ತಿದ್ದ, ಒಂದೊಂದಾಗಿ, ಎಲ್ಲರ ಮುಖ ನೋಡಿ. ಒಂಬತ್ತನೇ ಬಟ್ಟಲು, ಸುತಿಕ್ನೊನದು, ಉಳಿಯಿತು.

“ಹಿಮ್ಮಡಿ ಎತ್ತು,” ಎಂದ ಪೋನಿರಾನ್. “ಬೇಗ ಎದ್ದು ಕುಡಿ, ಆರಿಹೋಗುತ್ತೆ.”